ಹುಣಸೆತೋಪು ಸ್ಟೇಷನ್ನಿನ ಒಗೆಯೋ ಕಲ್ಲು

"ಬರ್ಕೋ ಕಣವ್ವ," ಅಂದ್ಲು ಅಂಕಮ್ಮ. "ಬೆಂಗಳೂರಿನ ಹುಣಸೆತೋಪು ಮೆಟ್ರೋ ಸ್ಟೇಷನ್ನ ಹೆತ್ತೋರು ಯಾರೋ ನಂಗೆ ಗೊತ್ತಿಲ್ಲ. ಮುದ್ದೆ ಇಕ್ಕಿ ಸಾಕಿದೋಳು ಮಾತ್ರ ನಾನು. ದಿನಕ್ಕೆ ಸಾವಿರ ಮುದ್ದೆ! ನನ್ನ ಕೈ ಮುದ್ದೆ ಇಲ್ದೇ ಹೋಗಿದ್ರೆ ಆ ಸ್ಟೇಷನ್ನು ಇವತ್ತಿಗೂ ಗುಂಡಿ ಒಳಗೇ ಬಿದ್ದಿರ್ತಿತ್ತು."

"ಅದು ಇವತ್ತಿಗೂ ಗುಂಡಿ ಒಳಗೇ ಇರೋದು ಅಜ್ಜಿ, ನೆಲದ ಕೆಳಗಿನ ಸ್ಟೇಷನ್ನು," ಅಂತ ನಕ್ಳು ಬೆಂಗಳೂರಿಂದ ಬಂದಿದ್ದ ನಂದಿತಾ ಅನ್ನೋ ಹುಡುಗಿ. ಮಾತು ಹಿಡ್ಕೊಳ್ಳೋಕೆ ಅಂತ ಫೋನನ್ನ ಜಗಲಿ ಮೇಲೆ ಅಂಕಮ್ಮನ ಮುಂದೆ ಇಟ್ಟಿದ್ಲು. "ದಿನಕ್ಕೆ ಸಾವಿರ ಅಂದ್ರೆ ನಿಜವಾಗ್ಲೂನಾ?"

"ಅರ್ಧ ಸುಳ್ಳು. ಯಾವ ಅರ್ಧ ಬೇಕೋ ಅದನ್ನ ಮಡಿಕ್ಕೋ."

ಕಂಬಕ್ಕೆ ಒರಗಿ ಕೂತಿದ್ದ ಮರುಳಪ್ಪ ಹೊಟ್ಟೆ ಹಿಡ್ಕೊಂಡು ನಕ್ಕ. "ಅರ್ಧ ಅಲ್ಲ ಕಣವ್ವ, ಮುಕ್ಕಾಲು. ನಾವಿದ್ದದ್ದೇ ಅರವತ್ತು ಜನ. ಆದ್ರೆ ಒಂದೊಂದು ಮುದ್ದೆ ಒಂದೊಂದು ಕುಂಬಳಕಾಯಿ ಇದ್ದಂಗಿತ್ತು, ಅದು ಮಾತ್ರ ದಿಟ."

"ಸುಮ್ಕಿರಪ್ಪ! ಆರು ಉಂಡು ಏಳನೇದಕ್ಕೆ ತಟ್ಟೆ ಒಡ್ಡಿದೋನು ನೀನೇ ಅಲ್ವಾ?"

ಮೂರೂ ಜನ ನಕ್ರು. ಅಂಕಮ್ಮನ ನಗು ಮಾತ್ರ ಬಾಯಿಂದ ಕೆಳಕ್ಕೆ ಇಳೀಲಿಲ್ಲ.

ನಂದಿತಾ ಬಂದಿದ್ದ ಕೆಲಸ ಇಷ್ಟು. ಹುಣಸೆತೋಪು ಸ್ಟೇಷನ್ನಲ್ಲಿ ಟಿಕೆಟ್ ಕೊಡೋ ಜಾಗದ ಎದುರಿಗೆ ಒಂದು ಉದ್ದನೆ ಗೋಡೆ ಖಾಲಿ ಬಿದ್ದೈತಂತೆ. ಅದರ ಮೇಲೆ ಆ ಜಾಗದ ಕಥೆ ಬರೆಸಿ ಫೋಟೋ ಹಾಕ್ತಾರಂತೆ. ಮೊದಲು ಅಲ್ಲಿ ಹುಣಸೆ ತೋಪಿತ್ತು, ತೋಪಿನ ನೆಳ್ಳಲ್ಲಿ ಸಂತೆ ಕೂರ್ತಿತ್ತು, ಆಮೇಲೆ ಜಟಕಾ ಗಾಡಿ ನಿಂತ್ವು, ಆಮೇಲೆ ಬಸ್ ಸ್ಟಾಪು ಬಂತು, ಹೂವಿನೋರು ಬಂದ್ರು, ಕೊನೆಗೆ ಗುಂಡಿ ತೋಡಿದ್ರು, ಗುಂಡಿ ಒಳಗೆ ರೈಲು ಬಿಟ್ರು. ಕಟ್ಟಿದೋರ ಮಾತೂ ಗೋಡೆ ಮೇಲಿರ್ಲಿ ಅಂತ ಈ ಹುಡುಗಿ ಒಬ್ಬೊಬ್ಬರನ್ನೇ ಹುಡುಕ್ಕೊಂಡು ತಿರುಗ್ತಿದ್ಲು. ಅರಸೀಕೆರೇಲಿ ಮರುಳಪ್ಪ ಸಿಕ್ಕಿದ. ಅವನು, "ನಮಗೆಲ್ಲ ಅನ್ನ ಇಕ್ಕಿದ ತಾಯಿ ಹಳೇಬೀಡಲ್ಲಿ ಅವ್ಳೆ, ಬಾರವ್ವ ತೋರಿಸ್ತೀನಿ" ಅಂತ ಬೆಳಗಿನ ಬಸ್ಸಿಗೇ ಹತ್ತಿಸ್ಕೊಂಡು ಬಂದಿದ್ದ.

ಆ ಮರುಳಪ್ಪನ್ನ ಅವನೂರಲ್ಲಿ ಹಿಂದ್ಗಡೆಯಿಂದ ಏನಂತಾರೆ ಗೊತ್ತಾ? ದೇವರು ಮಾರಿದೋನು ಅಂತಾರೆ. ಸ್ಟೇಷನ್ ಕಟ್ಟೋವಾಗ ಅವನು ಕಾವಲಿದ್ದ ಜಾಗದಿಂದ ಒಂದು ಪೂಜೆ ಕಲ್ಲು ಕಾಣೆ ಆಯ್ತು. ಅವನ ಕೆಲಸಾನೂ ಹೋಯ್ತು, ಮಾನಾನೂ ಹೋಯ್ತು. ಆ ಕಲ್ಲು ಎಲ್ಲೈತೆ ಅನ್ನೋದು ಮೂರು ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳೇ ಅಂಕಮ್ಮ. ಕಲ್ಲು ಇದ್ದಿದ್ದು ಅವಳ ಹಿತ್ಲಲ್ಲಿ, ಸೌದೆ ಒಟ್ಟಿಲ ಕೆಳಗೆ. ಅವರು ಕೂತು ನಗ್ತಿದ್ದ ಜಗಲಿಗೂ ಅದಕ್ಕೂ ನಡುವೆ ಒಂದು ಅಡಿಗೆ ಮನೆ, ಒಂದು ಬಾಗಿಲು, ಅಷ್ಟೇ.

ಅವಳು ಕಳ್ಳಿ ಅಲ್ಲ. ಅದನ್ನ ಮೊದಲು ಹೇಳಿಬಿಡಬೇಕು. ಬೇರೆ ಊರಿನ ಹೆಂಗಸಾಗಿದ್ರೆ ಇಂಥ ತಪ್ಪು ಆಗ್ತಾನೇ ಇರ್ಲಿಲ್ಲ.

ಅಂಕಮ್ಮ ಹಳೇಬೀಡಿನ ಸ್ಕೂಲಲ್ಲಿ ಹದಿನಾಲ್ಕು ವರ್ಷ ಬಿಸಿಯೂಟ ಬೇಯಿಸಿದೋಳು. ಅರವತ್ತು ತುಂಬ್ತು, ಸಾಕು ಮನೇಲಿರಮ್ಮ ಅಂದ್ರು. ಗಂಡ ಸಣ್ಣಯ್ಯ ಅದಕ್ಕೂ ಮುಂಚೇನೇ ಹೋಗಿದ್ದ. ಇನ್ನೂರು ಮಕ್ಕಳಿಗೆ ಸೌಟು ಆಡಿಸಿದ ಕೈಗೆ ಒಂದು ಪಾವು ಅಕ್ಕಿ ಇಟ್ಟು ಇಳಿಸು ಅಂದ್ರೆ ಹೆಂಗೆ? ಎಷ್ಟು ಕಡಿಮೆ ಮಾಡಿದ್ರೂ ಅವಳ ಸಾರು ಬೀದಿಗೆಲ್ಲ ಆಗಿ ಮಿಗೋದು. ಅಷ್ಟೊತ್ತಿಗೆ ಅರಸೀಕೆರೆ ಕಡೆಯ ಮೇಸ್ತ್ರಿ ಬೀರೇಶ್ ಬಂದ. ಬೆಂಗಳೂರಲ್ಲಿ ಮೆಟ್ರೋ ಕೆಲಸಕ್ಕೆ ಕಂಬಿ ಕಟ್ಟೋ ಆಳುಗಳನ್ನ ಕರ್ಕೊಂಡು ಹೋಗಿದ್ದೋನು ಅವನು. "ಅತ್ತೆ, ಅಲ್ಲಿ ಮುದ್ದೆ ಇಲ್ದೆ ನನ್ನ ಹುಡುಗ್ರು ಓಡಿ ಬತ್ತಾವ್ರೆ. ನೀನು ಬಂದ್ರೆ ಸ್ಟೇಷನ್ ಏಳ್ತದೆ, ಇಲ್ದಿದ್ರೆ ಇಲ್ಲ," ಅಂದ. ಅಂಕಮ್ಮ ಮಾರನೇ ದಿನವೇ ಮುದ್ದೆ ತೊಳಸೋ ಕೋಲು ಕಂಕುಳಲ್ಲಿ ಇಟ್ಕೊಂಡು ಹೊರಟ್ಲು.

ಅಲ್ಲಿ ಹೋಗಿ ನೋಡಿದ್ರೆ ಅಬ್ಬಬ್ಬಾ, ಎಂಥ ಗುಂಡಿ ಅಂತೀರಾ! ಬಗ್ಗಿ ನೋಡಿದ್ರೆ ಆದಿಶೇಷನ ಬೆನ್ನು ಕಾಣ್ತಿತ್ತು. ಒಳಗೆ ಇಳಿದ ಆಳುಗಳು ಬೆಳಗ್ಗೆ ಕೂಗಿದ್ರೆ ಮೇಲಕ್ಕೆ ಮಧ್ಯಾಹ್ನ ಕೇಳಿಸೋದು. ಗುಂಡಿ ಪಕ್ಕದಲ್ಲಿ ತಗಡಿನ ಶೆಡ್ಡುಗಳು, ಶೆಡ್ಡುಗಳ ಹಿಂದೆ ಅವಳ ಒಲೆ. ಬಿಹಾರದ ಹುಡುಗರು ಮೊದಲು ಮುದ್ದೆ ಅಗಿಯೋಕೆ ಹೋಗಿ ಹಲ್ಲಿಗೆಲ್ಲ ಮೆತ್ತಿಸ್ಕೊಂಡ್ರು, ತಿಂಗಳೊಪ್ಪತ್ತಲ್ಲಿ ಹಾವು ಕಪ್ಪೆ ನುಂಗಿದಂಗೆ ನುಂಗೋದು ಕಲಿತ್ರು. ಶೆಡ್ಡಿನ ಕಾವಲುಗಾರ ಅಂದ್ರೆ ಮರುಳಪ್ಪ. ಮೊದಲನೇ ದಿನವೇ "ಅಕ್ಕಾ" ಅಂದ. ಅವಳಿಗೆ ಒಡಹುಟ್ಟಿದೋರು ಯಾರೂ ಇರ್ಲಿಲ್ಲ. ಆ ಒಂದು ಮಾತಿಗೇ ಅವನ ಸಾರಿಗೆ ಒಂದು ಚಮಚ ತುಪ್ಪ ಜಾಸ್ತಿ ಬೀಳೋದು.

ಎಲ್ಲ ಸರಿ, ಬಟ್ಟೆ ಒಗೆಯೋಕೆ ಅಲ್ಲಿ ಕಲ್ಲಿರ್ಲಿಲ್ಲ. ಸಿಮೆಂಟ್ ನೆಲದ ಮೇಲೆ ಸೀರೆ ಕುಕ್ಕಿದ್ರೆ ಮೂರು ದಿನಕ್ಕೆ ಜಾಲರಿ ಆಗ್ತದೆ. ಅಂಕಮ್ಮ ಶೆಡ್ಡಿನ ಹಿಂದ್ಗಡೆ ಹುಡುಕಿದ್ಲು. ಅಲ್ಲಿ ಹಳೇ ಫುಟ್‌ಪಾತಿನ ಚಪ್ಪಡಿ, ಮುರಿದ ಮೋರಿ ಕಲ್ಲು ಎಲ್ಲ ರಾಶಿ ಹಾಕಿದ್ರು. ಅದರ ಪಕ್ಕದಲ್ಲಿ, ಒಂದು ಗೋಣಿ ತಾಟಿನ ಕೆಳಗೆ, ಎದೆ ಮಟ್ಟದ ಒಂದು ಕಲ್ಲು ಮಲಗಿತ್ತು. ಮೇಲ್ಗಡೆ ಒಬ್ಬಳು ಹೆಂಗಸು ಬಳೆ ತೊಟ್ಟ ಕೈ ಎತ್ತಿಕೊಂಡು ನಿಂತಂಗೆ ಕೆತ್ತಿತ್ತು, ಮೂಗು ಮೂತಿ ಎಲ್ಲ ಸವೆದಿತ್ತು. ಬೇರೆ ಯಾರಾದ್ರೂ ಆಗಿದ್ರೆ ಅಯ್ಯಪ್ಪಾ ದೇವರು ಅಂತ ಹಿಂದಕ್ಕೆ ಸರೀತಿದ್ರು. ಅಂಕಮ್ಮ ಹಳೇಬೀಡಿನೋಳು ಕಣ್ರೀ! ಅವಳ ತವರಿನ ಕೊಟ್ಟಿಗೆ ಗೋಡೇಲಿ ಅರ್ಧ ಆನೆ ಐತೆ. ಅವಳ ಮನೆ ಮೆಟ್ಟಿಲಲ್ಲಿ ಯಾರೋ ಕುಣಿಯೋಳ ಪಾದ ಐತೆ, ನೂರು ವರ್ಷದಿಂದ ಅದನ್ನ ತುಳ್ಕೊಂಡೇ ಎಲ್ಲರೂ ಒಳಕ್ಕೆ ಬರೋದು. ಅವಳೂರಲ್ಲಿ ಶಿಲ್ಪ ಇಲ್ಲದ ಕಲ್ಲು ಬೇಕು ಅಂದ್ರೆ ಬೇರೆ ತಾಲ್ಲೂಕಿಗೆ ಹೋಗಬೇಕು. ಅಂಥೋಳಿಗೆ ಕೆತ್ತಿರೋ ಕಲ್ಲು ಅಂದ್ರೆ ಬರೀ ಕಲ್ಲು.

ಅವಳು ಹಿಂದ್ಗಡೆ ಕೈ ಆಡಿಸಿ ನೋಡಿದ್ಲು. ಬೆನ್ನು ನುಣ್ಣಗಿತ್ತು. ನಾಲ್ಕು ಹುಡುಗರನ್ನ ಕರೆದು, ಬೋರಲು ಹಾಕಿಸಿ, ನಲ್ಲಿ ಪಕ್ಕಕ್ಕೆ ಎಳೆಸಿದ್ಲು. ಅವತ್ತಿಂದ ಎರಡು ವರ್ಷ ಅದರ ಬೆನ್ನ ಮೇಲೆ ಸೀರೆ ಕುಕ್ಕಿದ್ಲು, ಪಾತ್ರೆ ಉಜ್ಜಿದ್ಲು, ಕೂತು ಎಲೆ ಅಡಿಕೆ ಹಾಕಿದ್ಲು. ಮರುಳಪ್ಪ ಅದರ ಮುಂದೆಯೇ ದಿನಾ ಓಡಾಡ್ತಿದ್ದ. ಬೋರಲು ಬಿದ್ದು ಸೋಪಿನ ನೊರೆ ಮೆತ್ತಿಕೊಂಡಿದ್ದ ಕಲ್ಲು ಅವನ ಕಣ್ಣಿಗೂ ಅಕ್ಕನ ಬಟ್ಟೆ ಕಲ್ಲೇ. ತಾಟಿನ ಕೆಳಗೆ ಇರಬೇಕಾದ್ದು ಅಲ್ಲೇ ಐತೆ ಅಂತ ನಂಬಿಕೊಂಡಿದ್ದ. ಕಲ್ಲು ಎಳೆಸಿದ ದಿನವೇ ಅಂಕಮ್ಮ ತಾಟಿನ ಕೆಳಗಿನ ಖಾಲಿ ಜಾಗಕ್ಕೆ ಒಂದು ಚಪ್ಪಡಿ ತುರುಕಿಸಿದ್ಲು, ಮಳೆ ನೀರು ನಿಲ್ಲಬಾರದು ಅಂತ. ಮೇಲಿಂದ ನೋಡೋರಿಗೆ ಏನೂ ಕಡಿಮೆ ಆದಂಗೆ ಕಾಣ್ತಿರ್ಲಿಲ್ಲ.

ಕಂಬಿ ಕೆಲಸ ಮುಗೀತು. ಅಂಕಮ್ಮ ಊರಿಗೆ ಹೊರಟ ದಿನ ಮರುಳಪ್ಪ ರಜೆ ಹಾಕಿ ಅರಸೀಕೆರೆಗೆ ಹೋಗಿದ್ದ. ಹಲಗೆ, ಹಂಡೆ, ತಪ್ಪಲೆ ತುಂಬ್ಕೊಂಡು ಉಮೇಶ್ ಅನ್ನೋ ಡ್ರೈವರಿನ ಲಾರಿ ಈ ಕಡೆಗೇ ಬತ್ತಿತ್ತು. ಅವಳಿಗೆ ಆ ಕಲ್ಲು ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ಎರಡು ವರ್ಷ ಕೈಗೆ ಒಗ್ಗಿದ ಕಲ್ಲು. "ಇದನ್ನೂ ಎತ್ತಿ ಹಾಕ್ರಪ್ಪ, ರಸ್ತೆ ಮೇಲೆ ಬಿದ್ದಿದ್ದು, ಯಾರು ಕೇಳ್ತಾರೆ," ಅಂದ್ಲು. ಅವಳ ಕೈ ಉಂಡ ಹುಡುಗರು ಬೆಟ್ಟ ಎತ್ತು ಅಂದ್ರೂ ಎತ್ತೋರು. ಎತ್ತಿ ಹಾಕಿದ್ರು.

ಆಮೇಲೆ ಆರು ತಿಂಗಳಿಗೆ ಅದೇ ಉಮೇಶ್ ಹಳೇಬೀಡಿನ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ. ಅಂಕಮ್ಮ ಮೆಣಸಿನಕಾಯಿ ಬೋಂಡ ಕೊಡಿಸಿದ್ಲು. ಅವನು ತಿಂತಾ ತಿಂತಾ ಹೇಳಿದ, "ಗೊತ್ತಾಯ್ತಾ ಅಮ್ಮ? ಮರುಳಪ್ಪನ್ನ ಓಡಿಸಿಬಿಟ್ರು. ಆ ಜಾಗದ ದಾರಿಯಮ್ಮನ್ನ ಮಾರ್ಕೊಂಡ್ನಂತೆ."

"ಯಾವ ದಾರಿಯಮ್ಮ?"

"ಅಲ್ಲಿ ಹುಣಸೆ ಮರದ ಬುಡದಲ್ಲಿ ಒಂದು ಅಮ್ಮನ ಕಲ್ಲಿತ್ತಂತೆ. ಊರಿಗೆ ಹೋಗೋರೆಲ್ಲ ಮುಟ್ಟಿ ನಮಸ್ಕಾರ ಮಾಡ್ಕೊಂಡು ಹೋಗ್ತಿದ್ರಂತೆ. ಮರ ಕಡಿಯೋವಾಗ ಜೋಪಾನವಾಗಿ ಎತ್ತಿಟ್ಟು, ಸ್ಟೇಷನ್ ಆದ್ಮೇಲೆ ಬಾಗಿಲಲ್ಲಿ ಕೂರಿಸ್ತೀವಿ ಅಂತ ಹೂವಿನೋರಿಗೆ ಮಾತು ಕೊಟ್ಟಿದ್ರಂತೆ. ಈಗ ನೋಡಿದ್ರೆ ತಾಟಿನ ಕೆಳಗೆ ಬರೀ ಚಪ್ಪಡಿ! ಯಾವನಿಗೋ ಮಾರಿ, ಗುರುತು ಸಿಗದಂಗೆ ಚಪ್ಪಡಿ ಇಟ್ಟವ್ನೆ ಅಂತ ಎಲ್ಲರೂ ಅವನ ಮೇಲೇ ಬಿದ್ರು."

"ಎಂಗಿತ್ತಂತಪ್ಪ ಆ ಕಲ್ಲು?" ಅಂಕಮ್ಮ ತನ್ನ ಬೋಂಡ ಕಾಗದದ ಮೇಲೆ ವಾಪಸ್ ಇಟ್ಲು.

"ಯಾರೋ ಹೆಂಗಸು ಕೈ ಎತ್ತಿಕೊಂಡು ನಿಂತಿರೋದಂತೆ," ಅಂದು ಉಮೇಶ್ ಬೆರಳು ನೆಕ್ಕಿದ. ಆ ದಾರಿಯಮ್ಮನ್ನ ಹೊತ್ಕೊಂಡು ಬಂದ ಲಾರಿ ಅವನದೇ ಅಂತ ಅವನಿಗೆ ಹೊಳೀಲೇ ಇಲ್ಲ. ಅವನಿಗೆ ಗೊತ್ತಿದ್ದಂಗೆ ಅವನು ತಂದಿದ್ದು ಒಂದು ಬಟ್ಟೆ ಕಲ್ಲು.

ಅಂಕಮ್ಮ ಮನೆಗೆ ಬಂದೋಳೇ ಹಾರೆಕೋಲು ತಗೊಂಡು ಹಿತ್ಲಿಗೆ ಹೋದ್ಲು. ಒಬ್ಬಳೇ ಮೀಟಿ ಮೀಟಿ, ಸೊಂಟ ಹಿಡ್ಕೊಂಡು, ಅದನ್ನ ಮಗ್ಗುಲಿಗೆ ಹೊರಳಿಸಿದ್ಲು. ಕೈ ಎತ್ತಿದ ಹೆಂಗಸು ಮಣ್ಣು ಮೆತ್ತಿಕೊಂಡು ಮೇಲಕ್ಕೆ ಬಂದ್ಲು. ಎರಡೂವರೆ ವರ್ಷ ಅವಳ ಬೆನ್ನ ಮೇಲೆ ಸೀರೆ ಕುಕ್ಕಿದ್ದೀನಿ, ಲಂಗ ಕುಕ್ಕಿದ್ದೀನಿ, ಕೂತು ಉಗುಳಿದ್ದೀನಿ ಅಂತ ಅಂಕಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೆನ್ನೆ ಕೆನ್ನೆ ಬಡ್ಕೊಂಡ್ಲು. ಅದು ಹೋಗ್ಲಿ, ಅಮ್ಮ ಅನ್ನಿಸ್ಕೊಂಡೋಳು, ತಪ್ಪು ಒಪ್ಪು ಹೊಟ್ಟೇಲಿ ಹಾಕ್ಕೊತಾಳೆ. ಮರುಳಪ್ಪ? ಅವನ ಹೊಟ್ಟೇಲಿ ಎಷ್ಟು ಜಾಗ ಇರ್ತದೆ?

ಅವತ್ತೇ ಹೇಳಬೇಕಿತ್ತು. ನಾಳೆ ಹೇಳ್ತೀನಿ ಅಂದ್ಕೊಂಡ್ಲು. ನಾಳೆ ಅನ್ನೋದು ಹಳೇ ನೆಂಟ ಇದ್ದಂಗೆ, ಬತ್ತೀನಿ ಬತ್ತೀನಿ ಅಂತದೆ, ಬರಾಕಿಲ್ಲ.

ಅವತ್ತಿಂದ ಆ ಕಲ್ಲಿನ ಮೇಲೆ ಬಟ್ಟೆ ಒಗೀಲಿಲ್ಲ. ಹಂಗಂತ ಪೂಜೆ ಮಾಡೋಕೂ ಆಗ್ಲಿಲ್ಲ, ಅರಿಶಿನ ಕುಂಕುಮ ಇಟ್ರೆ ಊರೋರು ಇದ್ಯಾವಾಗ ಬಂತು ಅಂತ ಕೇಳ್ತಾರೆ. ಅದಕ್ಕೆ ಅವಳೊಂದು ಉಪಾಯ ಮಾಡಿದ್ಲು. ಗಿಡಕ್ಕೆ ನೀರು ಹಾಕೋಳಂಗೆ ಹೋಗಿ ಕೈ ತಪ್ಪಿದಂಗೆ ಒಂದು ಚೆಂಬು ಕಲ್ಲಿನ ಮೇಲೆ ಸುರಿಯೋದು. ಹೂ ಬಿಡಿಸೋಳಂಗೆ ಹೋಗಿ ಜಾರಿ ಬಿದ್ದಂಗೆ ಎರಡು ಹೂ ಬೀಳಿಸೋದು. ಪಕ್ಕದ ಮನೆ ಕಾಂಚನಮಾಲಾ, ಬಸದಿಗೆ ದಿನಾ ಹೋಗಿ ಬರೋ ಜೈನರ ಹೆಂಗಸು, ಬೇಲಿ ಮೇಲಿಂದ ಕೇಳೇಬಿಟ್ಲು.

"ಏನ್ರೀ ಅಂಕಮ್ಮ, ನಿಮ್ಮ ಕೈಯಿಂದ ದಿನಾ ಅದೇ ಜಾಗದಲ್ಲಿ ಹೂ ಬೀಳ್ತಾವಲ್ಲ?"

"ವಯಸ್ಸಾಯ್ತು ಕಣ್ರಮ್ಮ, ಕೈ ನಡುಗ್ತದೆ."

"ನಿನ್ನೆ ನೂರು ಹಪ್ಪಳ ಲಟ್ಟಿಸಿದ್ರಿ, ನಡುಗ್ಲಿಲ್ಲ?"

"ಅದು ಹಪ್ಪಳಕ್ಕೆ ನಡುಗಾಕಿಲ್ಲ, ಹೂವಿಗೆ ನಡುಗ್ತದೆ," ಅಂದು ಒಳಕ್ಕೆ ಬಂದ್ಲು. ಮಾರನೇ ದಿನ ಎರಡು ಗಾಡಿ ಸೌದೆ ತರಿಸಿ ಕಲ್ಲಿನ ಮೇಲೆ ಒಟ್ಟಿದ್ಲು. ಆವಾಗಿಂದ ಗ್ಯಾಸ್ ಒಲೆ ಇರೋ ಮನೇಲಿ ಸೌದೆ ಹಂಗೇ ಬಿದ್ದೈತೆ, ಒಂದು ಕಡ್ಡೀನೂ ಎಳೆದಿಲ್ಲ.

ಹೇಳೇ ಬಿಡ್ತೀನಿ ಅಂತ ಒಂದ್ಸಲ ಅರಸೀಕೆರೆಗೂ ಹೋಗಿದ್ಲು. ಬಸ್ಸಲ್ಲಿ ಜಾವಗಲ್ ದಾಟೋವರ್ಗೂ ಮಾತು ಜೋಡಿಸ್ಕೊಂಡೇ ಹೋದ್ಲು. "ಮರುಳಪ್ಪ, ಒಂದು ತಪ್ಪಾಗೈತೆ" ಅಂತ ಶುರು ಮಾಡೋದಾ, "ಮರುಳಪ್ಪ, ನಗಬೇಡ" ಅಂತ ಶುರು ಮಾಡೋದಾ? ಕಾಯಿ ಮಂಡೀಲಿ ಅವನು ಕೂತು ತೆಂಗಿನಕಾಯಿ ಸುಲೀತಿದ್ದ. ಎರಡು ಅಂಗೈಲೂ ಸಿಪ್ಪೆ ಎದ್ದಿತ್ತು. ಕಾವಲು ಕೆಲಸಕ್ಕೆ ಅವನನ್ನ ಆಮೇಲೆ ಯಾರೂ ಕರೀಲಿಲ್ಲ. ದೇವರನ್ನೇ ಬಿಡದೋನು ನಮ್ಮ ಗೋಡೌನ್ ಬಿಡ್ತಾನಾ ಅಂತಿದ್ರು.

ಅಂಕಮ್ಮನ್ನ ಕಂಡಿದ್ದೇ ಅವನು ಎದ್ದು ನಿಂತ. "ಅಕ್ಕಾ!" ಅಂತ ಮಂಡಿಯೆಲ್ಲ ಕೇಳೋ ಹಂಗೆ ಕೂಗಿದ. ಒಳ್ಳೇ ಎಳನೀರು ಆರಿಸಿ ಕೆತ್ತಿ ಕೊಟ್ಟ. ಸುತ್ತ ಕೂತಿದ್ದೋರಿಗೆಲ್ಲ ಹೇಳಿದ, "ನೋಡ್ರಪ್ಪ, ಇವಳೇ ನಮ್ಮಕ್ಕ. ಲೋಕವೆಲ್ಲ ನನ್ನ ಕಳ್ಳ ಅಂತು. ಇವಳೊಬ್ಬಳು ಅನ್ಲಿಲ್ಲ. ನೋಡೋಕೆ ಬಂದವ್ಳೆ."

ಅಂಕಮ್ಮ ಎಳನೀರು ಕುಡಿದ್ಲು. ಸುಣ್ಣದ ನೀರು ಕುಡಿದಂಗಾಯ್ತು. ಕಾಯಿ ಒಡೆದು ಗಂಜಿ ತೆಗೆದು ಕೊಟ್ಟ, ಅದನ್ನೂ ತಿಂದ್ಲು. "ಏನೋ ಹೇಳೋಕೆ ಬಂದಂಗೈತಲ್ಲಕ್ಕ?" ಅಂದ. "ಏನಿಲ್ಲ, ನೀನು ಸೊರಗಿದ್ದೀಯ ಅಂತ ಹೇಳಬೇಕಿತ್ತು," ಅಂದ್ಲು. ನಾಲ್ಕು ತೆಂಗಿನಕಾಯಿ ಚೀಲಕ್ಕೆ ಹಾಕಿ ಬಸ್ ಹತ್ತಿಸಿದ. ಆ ಕಾಯಿಗಳನ್ನ ಅವಳು ಒಡೀಲೂ ಇಲ್ಲ, ಯಾರಿಗೂ ಕೊಡ್ಲೂ ಇಲ್ಲ. ಮೂಲೇಲಿ ಒಣಗಿ ಗಿಟಕಾದ್ವು.

ಇಷ್ಟು ಆದ್ಮೇಲೆ ಈಗ ಮರುಳಪ್ಪನೇ ಅವಳ ಜಗಲಿಗೆ ಬಂದು ಕೂತವ್ನೆ, ಜೊತೆಗೆ ಮಾತು ಹಿಡಿಯೋ ಹುಡುಗೀನೂ ಕರ್ಕೊಂಡು.

ಕಾಫಿ ಆಯ್ತು, ಚಕ್ಕುಲಿ ಆಯ್ತು. ನಂದಿತಾ ಚೀಲದಿಂದ ಒಂದು ದೊಡ್ಡ ಫೋಟೋ ತೆಗೆದ್ಲು. "ಅಜ್ಜಿ, ಇದನ್ನ ನೋಡಿ. ಸ್ಟೇಷನ್ ಬರೋಕೆ ಮುಂಚೆ ತೆಗ್ದಿದ್ದು."

ಹುಣಸೆ ಮರ, ಬುಡದಲ್ಲಿ ಕಲ್ಲು, ಕಲ್ಲಿನ ಪಕ್ಕದಲ್ಲಿ ಮಂಕರಿ ಹಿಡ್ಕೊಂಡು ನಗ್ತಾ ನಿಂತಿರೋ ಒಬ್ಬಳು ಹೆಂಗಸು. ಕಲ್ಲಿಗೆ ಕುತ್ತಿಗೆ ತುಂಬ ಹೂ.

"ಇವರು ರುಕ್ಮಿಣಮ್ಮ ಅಂತ. ಈಗ್ಲೂ ಸ್ಟೇಷನ್ ಗೇಟಲ್ಲಿ ಹೂ ಮಾರ್ತಾರೆ. ದಿನಾ ಮೊದಲನೇ ಮೊಳ ದಾರಿಯಮ್ಮನಿಗೆ. ಈಗ ಕಲ್ಲಿಲ್ವಲ್ಲ, ಲಿಫ್ಟ್ ಪಕ್ಕದ ಕಂಬಿಗೆ ಕಟ್ಟಿ ಹೋಗ್ತಾರೆ. ಸೆಕ್ಯೂರಿಟಿಯವರು ಸಾಯಂಕಾಲ ಕಿತ್ತು ಹಾಕ್ತಾರೆ. ಬೆಳಗ್ಗೆ ಮತ್ತೆ ಕಟ್ತಾರೆ."

ಅಂಕಮ್ಮ ಫೋಟೋನ ದೂರ ಹಿಡಿದು ನೋಡಿದ್ಲು, ಹತ್ರ ಹಿಡಿದು ನೋಡಿದ್ಲು. ಕಣ್ಣು ಸರಿಯಾಗೇ ಕಾಣ್ತಿತ್ತು.

"ಗೋಡೆ ಮೇಲೆ ಈ ಫೋಟೋ ಬರುತ್ತೆ. ಕೆಳಗೆ ಒಂದು ಸಾಲು," ಅಂತ ನಂದಿತಾ ಕಾಗದ ಬಿಡಿಸಿ ಓದಿದ್ಲು. "'ಈ ಕಲ್ಲು ಕಾಮಗಾರಿಯ ವೇಳೆ ಕಾವಲಿನಲ್ಲಿದ್ದಾಗ ಕಳುವಾಯಿತು.' ಸೋಮವಾರ ಲೋಹದ ತಗಡಿನ ಮೇಲೆ ಕೊರೆಯೋಕೆ ಕೊಡ್ತಾರೆ."

ಮರುಳಪ್ಪನ ನಗು ನಿಂತುಹೋಯ್ತು. "ಅದಕ್ಕೇ ಬಂದಿದ್ದು ಕಣಕ್ಕ," ಅಂದ. "ನನ್ನ ಹೆಸರು ಹಾಕಾಕಿಲ್ಲ, ಅದೇನೋ ಸರಿ. ಆದ್ರೆ ಕಾವಲಿದ್ದೋನು ಯಾರು ಅಂತ ನಮ್ಮೂರಿಗೆಲ್ಲ ಗೊತ್ತು. ನಮ್ಮೂರಿನ ಅರ್ಧ ಜನ ಈಗ ಬೆಂಗಳೂರಿಗೆ ಹೋದ್ರೆ ಆ ರೈಲಲ್ಲೇ ಓಡಾಡೋದು. ನಾಳೆ ನನ್ನ ಮೊಮ್ಮಗಳು ಅಲ್ಲಿ ನಿಂತು ಅದನ್ನ ಓದ್ತಾಳೆ. ಬಾಯಿ ಮಾತು ಹೆಂಗೋ ಸವೀತದೆ. ಲೋಹದ ಮೇಲೆ ಕೊರೆದಿದ್ದು ಸವೀತದಾ? ಅಕ್ಕಾ, ನೀನೊಂದು ಮಾತು ಹೇಳು ಆ ಫೋನಿಗೆ. ಮರುಳಪ್ಪ ಕದ್ದಿಲ್ಲ ಅಂತ."

"ಮರುಳಪ್ಪ ಕದ್ದಿಲ್ಲ," ಅಂದ್ಲು ಅಂಕಮ್ಮ ಫೋನಿಗೆ ಬಗ್ಗಿ. ಆ ಮಾತು ಎಷ್ಟು ಜೋರಾಗಿ ಬಂತು ಅಂದ್ರೆ ಬೀದೀಲಿದ್ದ ನಾಯಿ ತಲೆ ಎತ್ತಿತು.

ನಂದಿತಾ ಮೆತ್ತಗೆ ಹೇಳಿದ್ಲು, "ನಾನೂ ನಂಬ್ತೀನಿ ಅಜ್ಜಿ. ಆದ್ರೆ ಅಷ್ಟಕ್ಕೇ ಅವರು ಸಾಲು ಬದಲಾಯಿಸಲ್ಲ. ಹಾಗಾದ್ರೆ ಕಲ್ಲು ಎಲ್ಲಿ ಹೋಯ್ತು ಅಂತ ಕೇಳ್ತಾರೆ. ನೀವು ಎರಡು ವರ್ಷ ಅಲ್ಲೇ ಇದ್ರಿ. ಏನಾದ್ರೂ ನೆನಪಿದ್ಯಾ?"

ಆವಾಗ ಅಂಕಮ್ಮನ ನಾಲಿಗೆ ತುದಿಗೆ ಒಂದು ಸುಳ್ಳು ಬಂದು ಕೂತ್ಕೊಂಡ್ತು. ಜೀವನದಲ್ಲಿ ಅವಳು ಹೇಳಿದ ಸುಳ್ಳು ಸಾವಿರ, ಎಲ್ಲವೂ ನಗಿಸೋಕೆ. ಇದು ಬೇರೆ ಥರದ್ದು.

"ಗುಂಡಿಗೆ ಬಿತ್ತೇನೋ ಕಣವ್ವ," ಅಂದ್ಲು. "ಜೆಸಿಬಿಯೋನು ಮಣ್ಣಿನ ಜೊತೆ ತಳ್ಳಿರಬೇಕು. ಮೇಲೆ ಕಾಂಕ್ರೀಟ್ ಸುರಿದ್ರು. ಅಲ್ಲೇ ಕೆಳಗೆ ಇದ್ರೂ ಇರಬಹುದು."

ನಂದಿತಾಳ ಮುಖ ಅರಳ್ತು. "ನೀವು ನೋಡಿದ್ರಾ? ನೋಡಿದೆ ಅಂತ ಹೇಳಿದ್ರೆ ಸಾಕು. 'ಕಾಮಗಾರಿಯಲ್ಲಿ ಮುಚ್ಚಿಹೋಯಿತು' ಅಂತ ಬದಲಾಯಿಸಬಹುದು. ಯಾರ ಮೇಲೂ ತಪ್ಪಿಲ್ಲ."

ಯಾರ ಮೇಲೂ ತಪ್ಪಿಲ್ಲ! ಅಂಕಮ್ಮನಿಗೆ ಎದೆ ಮೇಲಿನ ಹಂಡೆ ಇಳಿಸಿದಂಗಾಯ್ತು. ಒಂದು ಸುಳ್ಳು, ಮರುಳಪ್ಪನೂ ಉಳೀತಾನೆ, ಅವಳೂ ಉಳೀತಾಳೆ. ನೋಡಿದೆ ಅನ್ನೋಕೆ ಬಾಯಿ ತೆಗೆದ್ಲು.

"ಬ್ಯಾಡ," ಅಂದ ಮರುಳಪ್ಪ.

"ಯಾಕೋ?"

"ಅಕ್ಕ ನನ್ನ ಉಳಿಸೋಕೆ ಹೇಳ್ತಾವ್ಳೆ ಕಣವ್ವ, ಅದು ನಿಜ ಅಲ್ಲ," ಅಂತ ಅವನು ನಂದಿತಾಗೆ ಹೇಳಿದ. ಆಮೇಲೆ ಅಂಕಮ್ಮನ ಕಡೆ ತಿರುಗಿದ. "ನಿನ್ನ ಮನಸ್ಸು ನಂಗೆ ಗೊತ್ತಿಲ್ವಾ ಅಕ್ಕ? ನನಗೋಸ್ಕರ ನೀನು ಸುಳ್ಳು ಸಾಕ್ಷಿ ಹೇಳಬ್ಯಾಡ. ಆ ರುಕ್ಮಿಣಮ್ಮ ಇದನ್ನ ಕೇಳಿದ್ರೆ ಏನಾಗ್ತದೆ ಹೇಳು. ಅಮ್ಮ ಕಾಂಕ್ರೀಟಿನ ಕೆಳಗವ್ಳೆ, ಅವಳ ಮೇಲೆ ದಿನಾ ರೈಲು ಓಡ್ತೈತೆ ಅಂತ ಎದೆ ಒಡ್ಕೊಂಡು ಸಾಯ್ತಾಳೆ. ಈಗ ಎಲ್ಲೋ ಯಾರದೋ ಮನೇಲಾದ್ರೂ ದೀಪ ಕಾಣ್ತಾವ್ಳೆ ಅನ್ನೋ ಆಸೆ ಐತೆ ಅವಳಿಗೆ. ನನಗೂ ಅದೇ ಆಸೆ. ಕಳ್ಳ ಅಂದ್ರೂ ಅನ್ಲಿ ಬಿಡು."

ಅಂಕಮ್ಮನ ಕಣ್ಣು ಹಿತ್ಲ ಬಾಗಿಲ ಕಡೆ ಹೋಯ್ತು. ದೀಪ! ಸೌದೆ ಒಟ್ಟಿಲ ಕೆಳಗೆ, ಗೆದ್ದಲು ಹುಳದ ಜೊತೆ.

ನಂದಿತಾ ಕಾಗದ ಮಡಚಿ ಚೀಲಕ್ಕೆ ಹಾಕ್ಕೊಂಡ್ಲು. "ಸರಿ ಬಿಡಿ. ನಾನು ಇನ್ನೊಂದ್ಸಲ ಕೇಳಿ ನೋಡ್ತೀನಿ. ಭರವಸೆ ಕೊಡೋಕೆ ಆಗಲ್ಲ," ಅಂದು ಫೋನಿನ ಮೇಲೆ ಕೈ ಇಟ್ಲು. ಇನ್ನೇನು ನಿಲ್ಲಿಸಿಬಿಡಬೇಕು.

"ತಡಿಯವ್ವ," ಅಂದ್ಲು ಅಂಕಮ್ಮ. "ಓಡ್ಲಿ ಅದು."

ಮರುಳಪ್ಪ ಅವಳ ಮುಖ ನೋಡಿದ. ಅಂಕಮ್ಮ ಸೆರಗು ಸರಿ ಮಾಡ್ಕೊಂಡು, ಕಾಲು ಮಡಚಿ, ನೆಟ್ಟಗೆ ಕೂತ್ಲು. ಹಂಗೆ ಅವಳು ಕೂತ್ರೆ ಏನೋ ಒಂದು ತಮಾಸೆ ಹೊರಡ್ತದೆ ಅಂತ ಶೆಡ್ಡಲ್ಲಿ ಉಂಡೋರಿಗೆಲ್ಲ ಗೊತ್ತು. ಅವನ ತುಟಿ ಆಗಲೇ ನಗೋಕೆ ತಯಾರಾಯ್ತು. ಅವಳು ಕಣ್ಣನ್ನ ಫೋನಿನ ಕಡೆ ತಿರುಗಿಸಿದ್ಲು. ಸುತ್ತಿ ಬಳಸದೆ ಮಾತಾಡೋದು ಅವಳಿಗೆ ಹುಟ್ಟಿದಾಗಿಂದ ಬರಾಕಿಲ್ಲ. ನಾನೇ ಅನ್ನೋ ಎರಡಕ್ಷರ ನೆಟ್ಟಗೆ ಬರೋ ಹಂಗಿರ್ಲಿಲ್ಲ. ಬರೋ ದಾರೀಲೇ ಬರ್ಲಿ ಅಂತ ಬಿಟ್ಲು.

"ಒಂದು ಒಗಟು ಹೇಳ್ತೀನಿ ಮರುಳಪ್ಪ, ಬಿಡಿಸು."

"ಈಗಲಾ? ಆಯ್ತು ಹೇಳಕ್ಕ, ನಿನ್ನ ಒಗಟು ಕೇಳಿ ಶಾನೆ ದಿನ ಆಯ್ತು."

"ಒಬ್ಬಳು ಹೆಂಗಸು. ಕೈ ಎತ್ತಿ ಎಲ್ಲರಿಗೂ ಹೋಗಿ ಬನ್ನಿ ಅಂತಿದ್ದೋಳು. ಅವಳನ್ನ ಒಬ್ಬಳು ಮುದುಕಿ ಬೋರಲು ಹಾಕಿ, ಬೆನ್ನ ಮೇಲೆ ಸೀರೆ ಕುಕ್ಕಿದ್ಲು. ಒಂದು ದಿನ ಅಲ್ಲ, ಎರಡು ವರ್ಷ. ಕಾವಲು ಕಾಯೋನು ಅಲ್ಲೇ ಓಡಾಡ್ತಿದ್ದ, ಅವನಿಗೂ ಕಾಣ್ಲಿಲ್ಲ. ಯಾಕೆ ಅಂದ್ರೆ ಅವನು ಮುದುಕೀನ ಅಕ್ಕ ಅಂತಿದ್ದ."

ಮರುಳಪ್ಪನ ನಗು ಅರ್ಧಕ್ಕೆ ಬಂದಿತ್ತು, ಅಲ್ಲೇ ನಿಂತ್ಕೊಂಡ್ತು. ನಂದಿತಾ ಫೋನಿನ ಮೇಲಿದ್ದ ಕೈಯನ್ನ ಮೆಲ್ಲಗೆ ಹಿಂದಕ್ಕೆ ತಗೊಂಡ್ಲು.

"ಆಮೇಲೆ ಆ ಕಾವಲಿನೋನು ರಜೆ ಹಾಕಿ ಊರಿಗೆ ಹೋಗಿದ್ದ ದಿನ ಒಂದು ಲಾರಿ ಹೊರಟ್ತು," ಅಂತ ಅಂಕಮ್ಮ ಮುಂದಕ್ಕೆ ಹೇಳಿದ್ಲು. ದನಿ ನಡುಗ್ತಿತ್ತು, ಈ ಸಲ ನಿಜವಾಗ್ಲೂ. "ಹಂಡೆ ಇತ್ತು, ತಪ್ಪಲೆ ಇತ್ತು, ತಪ್ಪಲೆ ಕೆಳಗೆ ಬೋರಲು ಬಿದ್ದು ಆ ಹೆಂಗಸೂ ಇದ್ಲು. ಡ್ರೈವರ್ ಪಕ್ಕದಲ್ಲಿ ಮುದುಕಿ ಕೂತಿದ್ಲು. ತುಮಕೂರು ದಾಟಿದ್ಲು, ತಿಪಟೂರು ದಾಟಿದ್ಲು, ಹಾಡು ಹೇಳ್ಕೊಂಡು, ಬಾಳೆಹಣ್ಣು ತಿನ್ಕೊಂಡು ಬಂದ್ಲು. ಆ ಮುದುಕಿ ಏನೂ ತಿಳೀದೆ ತಂದ್ಲು, ಅದು ದಿಟ. ಆದ್ರೆ ತಿಳಿದ ಮೇಲೂ ಎರಡು ವರ್ಷ ಬಾಯಿ ಮುಚ್ಕೊಂಡು ಕೂತ್ಲು, ಅದು ಅದಕ್ಕಿಂತ ದಿಟ. ಆ ಕಾವಲಿನೋನ ಕೈಯಿಂದ ಎಳನೀರು ಕುಡಿದು ಬಂದ್ಲು ಮರುಳಪ್ಪ, ಕುಡಿದು ಸುಮ್ಕೆ ಬಂದ್ಲು. ಇದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿಲ್ಲ."

ಅವಳು ಎದ್ದು, ಅಡಿಗೆ ಮನೆ ದಾಟಿ, ಹಿತ್ಲ ಬಾಗಿಲಿನ ಅಗುಳಿ ತೆಗೆದ್ಲು. ಬಾಗಿಲು ತೆರ್ಕೊಂಡು ಬೆಳಕು ಜಗಲಿವರ್ಗೂ ಬಂತು. ಅಲ್ಲಿಂದಲೇ ತಿರುಗಿ ನಿಂತು, ಸೆರಗನ್ನ ಎರಡೂ ಕೈಯಲ್ಲಿ ಹಿಡ್ಕೊಂಡು, ಅವನ ಕಡೆಗೆ ನೋಡಿದ್ಲು.

"ನನ್ನ ಬಾಯಿಂದ ಬತ್ತಾ ಇಲ್ಲ ಕಣಪ್ಪ. ನೀನೇ ಬಿಡಿಸು. ಆ ಮುದುಕಿ ಯಾರು, ಆ ಸೌದೆ ಒಟ್ಟಿಲ ಕೆಳಗೆ ಏನೈತೆ, ಹೇಳು ನೋಡಾನ?"